ಮುಕ್ತ ತಂತ್ರಾಂಶ ಯೋಜನೆಗೆ ನಿರಂತರ ಸಂಯೋಜನಾ ಸರ್ವರ್‌ನ ಆಯ್ಕೆ: ಸಾರ್ವಜನಿಕರಿಗೆ ಮಾಹಿತಿ

ಅರ್ಜಿ ನಮೂನೆಯಲ್ಲಿ ‘ಸಕಲೇಶಪುರ’ ಎಂದು ನಮೂದಿಸುವಾಗ ‘ಲೇ’ ಅಕ್ಷರದ ದೀರ್ಘಸ್ವರವನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ, ಎತ್ವ ಹಾಗೂ ದೀರ್ಘಚಿಹ್ನೆ ಎಂಬ ಎರಡು ಸಂಕೇತಗಳಾಗಿಯೂ ದಾಖಲಿಸಲು ಅವಕಾಶವಿರುತ್ತದೆ. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ತಂತ್ರಾಂಶವು ಇವೆರಡನ್ನೂ ಒಂದೇ ರೂಪಕ್ಕೆ ತಾರದಿದ್ದಲ್ಲಿ, ಸಲ್ಲಿಸಿದ ಅರ್ಜಿಯು ಕಡತದಲ್ಲಿದ್ದರೂ ಹುಡುಕಾಟದಲ್ಲಿ ದೊರೆಯದೆ ಹೋಗಬಹುದು. ಪಕ್ಕದ ‘ಆಲೂರು’ ತಾಲ್ಲೂಕಿನ ಹೆಸರಿಗೆ ಈ ತೊಡಕಿಲ್ಲ. ಆದುದರಿಂದ ಆ ಹೆಸರೊಂದರಿಂದಲೇ ಪರೀಕ್ಷಿಸಿದವರಿಗೆ ದೋಷವು ಕಾಣಿಸುವುದೇ ಇಲ್ಲ.

ಅನೇಕರು ಕೂಡಿ ಬರೆಯುವ ಮುಕ್ತ ತಂತ್ರಾಂಶದಲ್ಲಿ ಒಮ್ಮೆ ಸರಿಪಡಿಸಿದ ಇಂತಹ ಲೋಪವು ಮತ್ತೊಬ್ಬರ ತಿದ್ದುಪಡಿಯಿಂದ ಮರಳಿ ಬರುವ ಸಂಭವವುಂಟು. ಪ್ರತಿಯೊಂದು ತಿದ್ದುಪಡಿ ಸಲ್ಲಿಕೆಯಾದೊಡನೆ ತಂತ್ರಾಂಶವನ್ನು ಹೊಸದಾಗಿ ಸಿದ್ಧಪಡಿಸಿ, ಗೊತ್ತುಪಡಿಸಿದ ಪರೀಕ್ಷೆಗಳನ್ನು ತಾನಾಗಿಯೇ ನಡೆಸಿ ಫಲಿತಾಂಶ ತಿಳಿಸುವ ವ್ಯವಸ್ಥೆಗೆ ನಿರಂತರ ಸಂಯೋಜನಾ ಸರ್ವರ್ ಎಂದು ಹೆಸರು. ಮೇಲ್ಕಂಡ ಎರಡು ರೂಪಗಳ ಪರೀಕ್ಷೆಯನ್ನು ಅದರಲ್ಲಿ ಸೇರಿಸಿದಲ್ಲಿ, ದೋಷವು ಅರ್ಜಿದಾರರನ್ನು ತಲುಪುವ ಮುನ್ನವೇ ಗೊತ್ತಾಗುತ್ತದೆ.

ಸರ್ವರ್ ಅನ್ನು ಸ್ವಂತ ಗಣಕದಲ್ಲಿ ನಡೆಸಬಹುದು ಅಥವಾ ಅಂತರಜಾಲದ ಮೂಲಕ ಪಡೆಯಬಹುದು. ಮೊದಲನೆಯ ಬಗೆಗೆ ಜೆಂಕಿನ್ಸ್ ಹೆಸರಾಗಿದೆ. ಹಡ್ಸನ್ ಎಂದಿದ್ದ ಈ ಮುಕ್ತ ತಂತ್ರಾಂಶವು 2011ರಲ್ಲಿ ಈಗಿನ ಹೆಸರು ಪಡೆಯಿತು. ಇದಕ್ಕೆ ಶುಲ್ಕವಿಲ್ಲ, ಆದರೆ ಗಣಕ, ವಿದ್ಯುತ್ ಮತ್ತು ಕಾಲಕಾಲದ ನವೀಕರಣದ ಹೊಣೆ ನಡೆಸುವವರದೇ. ಮುಂಗಾರಿನಲ್ಲಿ ಮರ ಬಿದ್ದು ತಂತಿ ಹರಿಯುವ ಮಲೆನಾಡಿನ ಮನೆಯಲ್ಲಿ ಇದು ಸಣ್ಣ ಹೊಣೆಯಲ್ಲ.

ಎರಡನೆಯ ಬಗೆಯ ಗಿಟ್‌ಹಬ್ ಆಕ್ಷನ್ಸ್ 2019ರ ನವೆಂಬರ್‌ನಿಂದ ಎಲ್ಲರಿಗೂ ಲಭ್ಯವಾಗಿದ್ದು, ಸಾರ್ವಜನಿಕ ಯೋಜನೆಗಳಿಗೆ ಅದರ ಸಾಮಾನ್ಯ ಯಂತ್ರಗಳ ಬಳಕೆ ಉಚಿತವಾಗಿರುತ್ತದೆ. ಸ್ವಯಂಸೇವಕರ ಸಣ್ಣ ತಂಡಕ್ಕೆ ಇಂತಹ ಸೇವೆಯೇ ಹೆಚ್ಚು ಅನುಕೂಲ. ಆದಾಗ್ಯೂ ಉಚಿತ ಸೇವೆಯು ಶಾಶ್ವತವೆಂದು ಭಾವಿಸತಕ್ಕದ್ದಲ್ಲ. ಬಹುಕಾಲ ಮುಕ್ತ ಯೋಜನೆಗಳ ಮೊದಲ ಆಯ್ಕೆಯಾಗಿದ್ದ ಟ್ರಾವಿಸ್ ಸಿಐ 2020ರ ನವೆಂಬರ್‌ನಲ್ಲಿ ದರ ನಿಯಮ ಬದಲಿಸಿ, ಆ ಯೋಜನೆಗಳಿಗೆಂದೇ ಇದ್ದ ತಾಣವನ್ನು 2021ರ ಜೂನ್‌ನಲ್ಲಿ ಮುಚ್ಚಿತು. ಆಗ ಅನೇಕ ಯೋಜನೆಗಳು ಸ್ಥಳಾಂತರಗೊಳ್ಳಬೇಕಾಯಿತು.

ಆದ್ದರಿಂದ ಪರೀಕ್ಷೆಯ ಎಲ್ಲ ಹಂತಗಳನ್ನು ಆಯಾ ಸರ್ವರ್‌ನ ಸಂರಚನೆಯಲ್ಲಿ ಬರೆಯದೆ, ಯೋಜನೆಯ ಕಡತಗಳೊಡನೆಯೇ ಒಂದು ಸ್ಕ್ರಿಪ್ಟ್ ಆಗಿ ಇರಿಸಿಕೊಳ್ಳುವುದು ಸೂಕ್ತ. ಸರ್ವರ್ ಆ ಸ್ಕ್ರಿಪ್ಟನ್ನು ಕರೆಯುವಷ್ಟಕ್ಕೆ ಸೀಮಿತವಾಗಿದ್ದರೆ ಸ್ಥಳ ಬದಲಿಸುವುದು ಸುಲಭ. ಅದೇ ಸ್ಕ್ರಿಪ್ಟನ್ನು ಸಂಪರ್ಕವಿಲ್ಲದ ದಿನ ಮನೆಯ ಗಣಕದಲ್ಲಿಯೂ ನಡೆಸಬಹುದು.

ಸ್ವಂತ ಗಣಕವನ್ನು ಬಳಸುವವರು, ಅಪರಿಚಿತರು ಕಳುಹಿಸಿದ ತಿದ್ದುಪಡಿಗಳು ಪರಿಶೀಲನೆಗೆ ಮುನ್ನ ಅದರಲ್ಲಿ ತಾವಾಗಿಯೇ ಚಾಲನೆಗೊಳ್ಳದಂತೆ ನಿರ್ಬಂಧಿಸತಕ್ಕದ್ದು. ಗುಪ್ತಪದಗಳನ್ನೂ ನೈಜ ಅರ್ಜಿದಾರರ ವಿವರಗಳನ್ನೂ ಪರೀಕ್ಷಾ ಕಡತಗಳಲ್ಲಿ ಇರಿಸತಕ್ಕದ್ದಲ್ಲ.