ವಾರವೆಲ್ಲ ಏಕಾದಶಿಯಾದಾಗ

ಆ ಕ್ಯಾಲೆಂಡರ್ ನೋಡಿದಾಗಿನಿಂದ ಸಿಕ್ಕಸಿಕ್ಕವರಿಗೆಲ್ಲ ಅದರ ಸುದ್ದಿಯನ್ನೇ ಹೇಳುತ್ತಿದ್ದೇನೆ. ಚಾಮರಾಜಪೇಟೆಯ ಹಳೇ ಮನೆ, ಅಡುಗೆಮನೆ ಬಾಗಿಲ ಪಕ್ಕ ಒಂದು ಮೊಳೆ, ಅದರಲ್ಲಿ ಹೋದ ವರ್ಷದ ಕ್ಯಾಲೆಂಡರ್. ಮೊದಲ ಹಾಳೆಗಳಲ್ಲಿ ತಿಂಗಳ ಎರಡು ಏಕಾದಶಿಗೆ ಮಾತ್ರ ಕೆಂಪು ಸುತ್ತು. ಆಮೇಲೆ ಸಂಕಷ್ಟಿ ಸೇರಿದೆ. ರಾಯರ ಹೆಸರಲ್ಲಿ ಗುರುವಾರ, ಹನುಮಂತನ ಹೆಸರಲ್ಲಿ ಶನಿವಾರ, ಶ್ರಾವಣ ಬಂದ ಕೂಡಲೇ ಸೋಮವಾರ, ಶುಕ್ರವಾರ. ಗೌರಿ ಹಬ್ಬದ ಹೊತ್ತಿಗೆ ಸುತ್ತಿಲ್ಲದ ದಿನವನ್ನು ಹುಡುಕಬೇಕು.

ಸುತ್ತು ಹಾಕಿದವಳು ಪಿಯುಸಿ ಓದುತ್ತಿದ್ದ ಮೊಮ್ಮಗಳು. ಮನೆಯವರಿಗೆ ಹೆಮ್ಮೆಯೋ ಹೆಮ್ಮೆ. ಈ ಕಾಲದಲ್ಲೂ ಇಷ್ಟು ಶ್ರದ್ಧೆ! ಮುಟ್ಟು ನಿಂತು, ಸೆಖೆಯಲ್ಲೂ ಸ್ವೆಟರ್ ಹಾಕಿಕೊಂಡು, ತೋಳಿನ ಮೇಲೆ ನವಿರು ಕೂದಲು ಹುಟ್ಟಿದಾಗ ಥೈರಾಯ್ಡ್ ಪರೀಕ್ಷೆಯಾಯಿತು, ಕ್ಷಯದ ಪರೀಕ್ಷೆಯಾಯಿತು, ಎಂಡೋಸ್ಕೋಪಿಯಾಯಿತು, ದೃಷ್ಟಿಯನ್ನೂ ತೆಗೆಸಿದರು. ಕೊನೆಗೆ ನಾಡಿ ತೀರಾ ನಿಧಾನವಾಗಿದ್ದನ್ನು ಕಂಡ ವೈದ್ಯರೊಬ್ಬರು ಮನೋವೈದ್ಯರ ಹತ್ತಿರ ಕಳಿಸಿದರು. ಕಾಯಿಲೆಯ ಹೆಸರು ಅನೊರೆಕ್ಸಿಯಾ, ಊಟ ಬಿಡಿಸುವ ಮನೋರೋಗ.

ಕಾರ್ತಿಕ ಮಾಸದಿಂದಾಚೆಗೆ ಕ್ಯಾಲೆಂಡರಿನಲ್ಲಿ ಬೇರೆ ಕೈಬರಹ. ಅದು ಅಜ್ಜಿಯ ಪೆನ್ಸಿಲ್. ದಿನಕ್ಕೆ ಮೂರು ಊಟ, ಮೂರು ತಿಂಡಿ; ತಿಂದದ್ದಕ್ಕೆ ಗೀಟು, ತಪ್ಪಿದ್ದಕ್ಕೆ ಸೊನ್ನೆ. ಮೊದಲ ವಾರಗಳಲ್ಲಿ ಸೊನ್ನೆಗಳದೇ ದರ್ಬಾರು.

ಹೆಸರು ಬರೆಯಬಾರದೆಂಬ ಷರತ್ತಿನ ಮೇಲೆ ಸಂಜೆಯ ತಿಂಡಿಗೆ ನನ್ನನ್ನೂ ಕೂರಿಸಿಕೊಂಡರು. ಗೊಜ್ಜವಲಕ್ಕಿ, ಒಂದು ಲೋಟ ಬಾದಾಮಿ ಹಾಲು. ಹುಡುಗಿ ಕಡಲೆಬೀಜಗಳನ್ನು ಒಂದೊಂದಾಗಿ ತಟ್ಟೆಯ ಅಂಚಿಗೆ ಸರಿಸುತ್ತಿದ್ದಳು. ಅಜ್ಜಿ ಪತ್ರಿಕೆಯ ಪದಬಂಧದಿಂದ ತಲೆಯೆತ್ತದೆ, ಚಮಚದ ತುದಿಯಲ್ಲಿ ಅವನ್ನು ಮತ್ತೆ ನಡುವಿಗೆ ತಳ್ಳುತ್ತಿದ್ದರು.

‘ಅಜ್ಜೀ, ಸಾಕು.’

‘ಅದು ನಿನ್ನ ಕಾಯಿಲೆ ಹೇಳೋ ಮಾತು, ಪುಟ್ಟಿ. ನೀನು ತಿನ್ನು. ಎಡದಿಂದ ಬಲಕ್ಕೆ ನಾಲ್ಕಕ್ಷರ, ನದಿ ಹೆಸರು?’

ಗದರಿಕೆ, ಅಳು, ಆಣೆ, ಪ್ರಮಾಣ ಯಾವುದೂ ಇಲ್ಲ. ಅಮ್ಮ ಪಕ್ಕದಲ್ಲಿ ಕೂತು ಅದೇ ಗೊಜ್ಜವಲಕ್ಕಿ ತಿನ್ನುತ್ತಿದ್ದರು. ಅರ್ಧ ಗಂಟೆಗೆ ತಟ್ಟೆ ಖಾಲಿ. ಆಮೇಲೆ ಒಂದು ತಾಸು ಎಲ್ಲರೂ ಹಾಲ್‌ನಲ್ಲೇ ಕೂರಬೇಕು. ಒಬ್ಬಳೇ ಬಚ್ಚಲುಮನೆಗೆ ಹೋಗುವ ಹಾಗಿಲ್ಲ, ಮಹಡಿ ಮೆಟ್ಟಿಲು ಹತ್ತಿಳಿಯುವ ಹಾಗಿಲ್ಲ.

ಇದು ಅಜ್ಜಿ ಕಂಡುಹಿಡಿದ ಉಪಾಯವಲ್ಲ. 1873ರಲ್ಲಿ ಲಂಡನ್ನಿನ ವಿಲಿಯಂ ಗಲ್, ಪ್ಯಾರಿಸ್ಸಿನ ಲಸೆಗ್ ಹೆಚ್ಚುಕಮ್ಮಿ ಒಟ್ಟಿಗೇ ಈ ಕಾಯಿಲೆಯನ್ನು ವಿವರಿಸಿದರು. ಇಂಥ ರೋಗಿಗಳಿಗೆ ಬಂಧುಬಳಗದಷ್ಟು ಕೆಟ್ಟ ಶುಶ್ರೂಷಕರಿಲ್ಲ ಎಂಬುದು ಗಲ್ ಅಭಿಪ್ರಾಯ. ಹಾಗಾಗಿ ಬಹುಕಾಲ ಮನೆಯವರಿಂದ ದೂರವಿಡುವುದೇ ಚಿಕಿತ್ಸೆ ಎನಿಸಿತ್ತು. 1980ರ ದಶಕದಲ್ಲಿ ಲಂಡನ್ನಿನದೇ ಮಾಡ್ಸ್ಲಿ ಆಸ್ಪತ್ರೆಯವರು ಅದನ್ನು ತಿರುವುಮುರುವು ಮಾಡಿದರು: ಹದಿಹರೆಯದವರಿಗೆ ಉಣಿಸುವ ಹೊಣೆ ಮೊದಲು ಹೆತ್ತವರದು, ತೂಕ ಬಂದ ಮೇಲೆ ಹೊಣೆ ಮೆಲ್ಲಗೆ ಮಕ್ಕಳ ಕೈಗೆ, ಮನಸ್ಸಿನ ಉಳಿದ ಗಂಟುಗಳನ್ನು ಬಿಡಿಸುವುದು ಕೊನೆಗೆ. ನಮ್ಮಲ್ಲಿ ರೋಗಿಯ ಜೊತೆ ಮನೆಯವರೂ ಉಳಿಯುವುದು ಹೊಸತೇನಲ್ಲ. 1950ರ ದಶಕದಲ್ಲೇ ಅಮೃತಸರದಲ್ಲಿ ಡಾ. ವಿದ್ಯಾಸಾಗರ್ ರೋಗಿಗಳ ಕುಟುಂಬಗಳನ್ನು ಆಸ್ಪತ್ರೆಯ ಆವರಣದ ಡೇರೆಗಳಲ್ಲಿ ಇರಿಸಿಕೊಂಡಿದ್ದರು. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲೂ ಕುಟುಂಬಕ್ಕೆಂದೇ ಪ್ರತ್ಯೇಕ ವಿಭಾಗವಿದೆ.

‘ಇದು ಫಾರಿನ್ ಕಾಯಿಲೆ’ ಎನ್ನುವವರಿಗೂ ಒಂದು ಮಾತು. ನಿಮ್ಹಾನ್ಸ್‌ನ ಪ್ರಭಾ ಚಂದ್ರ ಮತ್ತು ಸಂಗಡಿಗರು ಬೆಂಗಳೂರಿನ ಮನೋವೈದ್ಯರ ನಡುವೆ ಸಮೀಕ್ಷೆ ನಡೆಸಿ 2012ರಲ್ಲಿ ಪ್ರಕಟಿಸಿದರು. ಮೂರರಲ್ಲಿ ಎರಡು ಪಾಲು ವೈದ್ಯರು ಆಹಾರಕ್ಕೆ ಸಂಬಂಧಿಸಿದ ಇಂಥ ಮನೋರೋಗದ ಒಬ್ಬರನ್ನಾದರೂ ಕಂಡಿದ್ದರು. ದಪ್ಪವಾಗುವ ಭಯವನ್ನು ಬಾಯಿಬಿಟ್ಟು ಹೇಳದ ರೋಗಿಗಳೂ ಇರುತ್ತಾರೆಂದು ಹಾಂಗ್‌ಕಾಂಗ್‌ನ ಸಿಂಗ್ ಲೀ 1990ರ ದಶಕದಲ್ಲೇ ಬರೆದಿದ್ದರು. ನಮ್ಮ ಹುಡುಗಿಯೂ ತೂಕದ ಮಾತೆತ್ತಲಿಲ್ಲ. ‘ಹೊಟ್ಟೆ ಭಾರ’ ಎಂದಳು, ‘ವ್ರತ’ ಎಂದಳು. ಬಸವನಗುಡಿ, ಚಾಮರಾಜಪೇಟೆಗಳಲ್ಲಿ ವ್ರತ ಎಂದವರನ್ನು ಯಾರು ಪ್ರಶ್ನಿಸುತ್ತಾರೆ?

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಸಂಗತಿ. ಊಟ ಬಿಟ್ಟ ಆ ತಿಂಗಳುಗಳಲ್ಲಿ ಇವಳ ಫೋನ್ ತುಂಬ ಅಡುಗೆ ವಿಡಿಯೊಗಳು. ಸಿಟಿಆರ್ ಬೆಣ್ಣೆ ಮಸಾಲೆ, ವಿದ್ಯಾರ್ಥಿ ಭವನದ ದೋಸೆ, ಬ್ರಾಹ್ಮಿನ್ಸ್ ಕಾಫಿ ಬಾರ್‌ನ ಚಟ್ನಿ, ಯಾವುದನ್ನು ಕೇಳಿದರೂ ಗೊತ್ತು. ಮನೆಮಂದಿಗೆಲ್ಲ ಮೈಸೂರು ಪಾಕ್ ಮಾಡಿ, ಎದುರು ನಿಂತು ತಿನ್ನಿಸಿ, ತಾನು ಚೂರೂ ಮುಟ್ಟುತ್ತಿರಲಿಲ್ಲ. ‘ನಾಟಕ’ ಎಂದರು ನೆಂಟರು. ಮಿನ್ನೆಸೋಟದ ಕಥೆ ಅವರಿಗೆ ಗೊತ್ತಿರಲಿಲ್ಲ. 1944-45ರಲ್ಲಿ, ಯುದ್ಧಕ್ಕೆ ಹೋಗಲೊಪ್ಪದ 36 ಆರೋಗ್ಯವಂತ ಯುವಕರು ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅವರ ಪ್ರಯೋಗಕ್ಕೆ ಒಪ್ಪಿ 24 ವಾರ ಅರೆಹೊಟ್ಟೆಯಲ್ಲಿದ್ದರು. ಅವರಿಗೆ ವ್ರತವೂ ಇರಲಿಲ್ಲ, ಕನ್ನಡಿಯ ಹುಚ್ಚೂ ಇರಲಿಲ್ಲ. ಆದರೂ ಅಡುಗೆ ಪುಸ್ತಕ ಕೂಡಿಟ್ಟರು, ಪಾಕವಿಧಾನಗಳನ್ನು ಓದುತ್ತ ಕೂತರು, ಒಂದು ಊಟವನ್ನು ಗಂಟೆಗಟ್ಟಲೆ ಎಳೆದರು, ತಟ್ಟೆ ನೆಕ್ಕಿದರು. ನಗು ಹೋಯಿತು, ಸ್ನೇಹಿತರು ಬೇಡವಾದರು, ಮನಸ್ಸು ಮಂಕಾಯಿತು. ಹೊಟ್ಟೆಗೆ ಬೀಳತೊಡಗಿದ ಮೇಲೂ ಸರಿಹೋಗಲು ತಿಂಗಳುಗಳೇ ಹಿಡಿದವು. ಇದನ್ನು ಓದಿದ ಮೇಲೆ, ಆಹಾರದ ಬಗ್ಗೆ ಇವಳಿಗಿದ್ದ ಆ ಗೀಳನ್ನು ಹಟ ಅನ್ನಲು ನನಗೆ ಬಾಯಿ ಬರುವುದಿಲ್ಲ. ಅದರಲ್ಲಿ ಬಹುಪಾಲು ಹಸಿದ ಮಿದುಳಿನ ಕೆಲಸ. ಆ ಮಿದುಳಿಗೆ ಬುದ್ಧಿವಾದ ಹೇಳಿ ಪ್ರಯೋಜನವಿಲ್ಲ. ಮೊದಲು ಅನ್ನ, ಆಮೇಲೆ ಮಾತು.

ಆದರೆ ತುಂಬ ದಿನ ಉಪವಾಸವಿದ್ದವರಿಗೆ ಒಮ್ಮೆಲೇ ಬಡಿಸುವುದು ಅಪಾಯ. ರಕ್ತದಲ್ಲಿ ಫಾಸ್ಫೇಟ್ ಕುಸಿದು ಹೃದಯಕ್ಕೇ ಕುತ್ತು ಬರಬಹುದು. ನಾಡಿ, ಬಿಪಿ, ಇಸಿಜಿ, ಪೊಟ್ಯಾಸಿಯಂ ನೋಡಿಸಿ, ವೈದ್ಯರು ಹೇಳಿದ ಅಳತೆಯಲ್ಲೇ ಶುರುಮಾಡಬೇಕು. ತಲೆಸುತ್ತಿ ಬಿದ್ದರೆ, ನಾಡಿ ಐವತ್ತಕ್ಕಿಂತ ಕೆಳಗಿಳಿದರೆ ತಡಮಾಡದೆ ಆಸ್ಪತ್ರೆಗೆ. ಮನೋರೋಗಗಳಲ್ಲಿ ಅತಿ ಹೆಚ್ಚು ಜೀವ ತೆಗೆಯುವಂಥವುಗಳಲ್ಲಿ ಇದೂ ಒಂದು, ಹುಡುಗರಿಗೂ ಬರುತ್ತದೆ. ಯಾರನ್ನು ಕೇಳಬೇಕೆಂದು ತೋಚದಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಹಗಲುರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

‘ಮಡಿವಂತಿಕೆಯೇ ಇದಕ್ಕೆಲ್ಲ ಕಾರಣ’ ಎಂದು ನಾನು ತೀರ್ಪು ಕೊಡಲು ಹೊರಟಿದ್ದೆ. ಅಜ್ಜಿ ಬಿಡಲಿಲ್ಲ. ಎಂಟರೊಳಗಿನವರಿಗೆ, ಎಂಬತ್ತು ದಾಟಿದವರಿಗೆ, ಕಾಯಿಲೆಯವರಿಗೆ ಏಕಾದಶಿಯ ಕಟ್ಟಿಲ್ಲವೆಂದು ಶಾಸ್ತ್ರವೇ ಹೇಳುತ್ತದಲ್ಲ ಎಂದರು. ಅವರು ತಮ್ಮ ಏಕಾದಶಿ ಬಿಟ್ಟಿಲ್ಲ. ತಾವು ನಿರಾಹಾರವಿದ್ದು ಮೊಮ್ಮಗಳಿಗೆ ಆರು ಸಲ ಬಡಿಸುತ್ತಾರೆ, ಅಂದು ಜೊತೆಗೆ ಕೂತು ತಿನ್ನುವ ಪಾಳಿ ಅಮ್ಮನದು. ಮರುದಿನ ಬೆಳಗ್ಗೆ ದ್ವಾದಶಿಯ ಅಗಸೆ ಸೊಪ್ಪಿನ ಪಲ್ಯಕ್ಕೆ ಮೂವರೂ ಒಟ್ಟಿಗೆ.

ಎಲ್ಲ ಮನೆಯಲ್ಲೂ ಇಂಥ ಅಜ್ಜಿ ಇರುವುದಿಲ್ಲ, ಎಲ್ಲ ಅಮ್ಮಂದಿರಿಗೂ ರಜೆ ಸಿಗುವುದಿಲ್ಲ. ಕಾಯಿಲೆ ಪೂರ್ತಿ ಬಿಡಲು ವರ್ಷಗಳೇ ಬೇಕಾಗಬಹುದು, ಮರುಕಳಿಸುವುದೂ ಉಂಟು. ನೆಂಟರು ಮಾಡಬಹುದಾದ ಉಪಕಾರಕ್ಕೆ ಮಾತ್ರ ರಜೆಯೂ ಬೇಡ, ದುಡ್ಡೂ ಬೇಡ. ಮದುವೆ ಮನೆಯಲ್ಲಿ ಚಿಕ್ಕಮ್ಮನೊಬ್ಬರು ಪ್ರೀತಿಯಿಂದಲೇ ‘ಈಗ ಮೈ ತುಂಬ್ಕೊಂಡು ಲಕ್ಷಣವಾಗಿದೀಯ ಕಣೇ’ ಎಂದರಂತೆ. ಆ ಒಂದು ಹೊಗಳಿಕೆಗೆ ವಾರಗಟ್ಟಲೆ ಸೊನ್ನೆ ಬಿತ್ತು. ಸಣ್ಣಗಾಗಿದ್ದೀಯ, ದಪ್ಪಗಾಗಿದ್ದೀಯ ಎಂಬುದನ್ನು ಬಿಟ್ಟು ಮಾತಾಡಲು ವಿಷಯವೇ ಇಲ್ಲ ಎನ್ನುವವರು ಟ್ರಾಫಿಕ್ ಬಗ್ಗೆ ಮಾತಾಡಲಿ. ಬೆಂಗಳೂರಿನಲ್ಲಿ ಅದಕ್ಕಂತೂ ಬರವಿಲ್ಲ.