ಎರಿನೆಲದಾಗ ಆಲದ ಗಿಡ ಹಚ್ಚುವವರಿಗೆ

2016ರಲ್ಲಿ ಎಂ.ಬಿ. ಪಾಟೀಲರು ಕೋಟಿ ವೃಕ್ಷ ಅಭಿಯಾನ ಶುರು ಮಾಡಿದಾಗ, ವಿಜಯಪುರ ಜಿಲ್ಲೆಯ ಅರಣ್ಯ ಶೇ 0.17 ಮಾತ್ರ ಎಂಬ ಅಂಕಿ ಎಲ್ಲರ ಬಾಯಲ್ಲಿತ್ತು. ಆಮೇಲೆ ಭೂತನಾಳ ಕೆರೆಯ ಬದಿ ಹಸಿರಾಯಿತು, ಶಾಲೆಗಳ ಅಂಗಳದಲ್ಲಿ ಬೇವು, ಹೊಂಗೆ ಎದ್ದವು. ಟಿಕೋಟಾ, ಹೊನವಾಡ ಸೀಮೆಯಲ್ಲಿ ದ್ರಾಕ್ಷಿ ಪಡಗಳೂ ಹಬ್ಬಿವೆ. ಆದರೆ ದನ, ಮಂದಿ ಒಟ್ಟಿಗೆ ನಿಲ್ಲುವಂಥ ನೆರಳು ಬೇಕೆಂದರೆ ಆಲವೇ ಆಗಬೇಕು. ಅದನ್ನು ಹಚ್ಚುವವರು ಕಡಿಮೆ.

ಆಲದ ಸಸಿ ನರ್ಸರಿಯಿಂದ ತರಬಹುದು. ನನ್ನ ಒಲವು ಹಳೆಯ ಪದ್ಧತಿಯ ಕಡೆಗೆ: ತೋಳಿನಷ್ಟು ದಪ್ಪದ, ಆಳೆತ್ತರಕ್ಕೂ ಮಿಕ್ಕಿದ ಟೊಂಗೆ. ಮಿರಗ ಮಳೆಗೆ ತುಸು ಮುಂಚೆ ಕಡಿದು, ಹಾಲು ಸೋರಿ ಒಣಗುವ ತನಕ ನೆರಳಲ್ಲಿಟ್ಟು, ಮೇಲಿನ ತುದಿಗೆ ಸಗಣಿ ಮೆತ್ತಿ ನೆಡುವುದು. ಚಿಗುರು ಎತ್ತರದಲ್ಲೇ ಒಡೆಯುವುದರಿಂದ ಆಡು, ಕುರಿಗಳ ಬಾಯಿಗೆ ಬೇಗ ಸಿಗುವುದಿಲ್ಲ. ಆದರೂ ಬುಡಕ್ಕೆ ಜಾಲಿಮುಳ್ಳಿನ ಬೇಲಿ ಬೇಕೇ ಬೇಕು.

ಮಳೆಗಾಲದಲ್ಲಿ ಎಲ್ಲ ಗಿಡವೂ ಚೆಂದವೇ. ಹೊನವಾಡದಲ್ಲಿ ಪರೀಕ್ಷೆ ಮಾರ್ಚ್‌ನಿಂದ. ಎರಿ ಮಣ್ಣು ಒಣಗಿ ಬಾಯಿ ಬಿಟ್ಟರೆ ಎಳೆ ಬೇರು ಹರಿಯುತ್ತದೆ, ಆಳದ ತೇವವೂ ಆ ಬಿರುಕಿನಿಂದಲೇ ಆರಿಹೋಗುತ್ತದೆ. ಅದಕ್ಕೆ ಬುಡದ ಸುತ್ತ ರವದಿಯನ್ನೋ ಜೋಳದ ಕಣಿಕೆ ಚೂರನ್ನೋ ದಪ್ಪಗೆ ಹರವಬೇಕು, ಕಾಂಡಕ್ಕೆ ತಾಗದಂತೆ. ದಿನಾ ಚೊಂಬು ನೀರು ಚೆಲ್ಲಿದರೆ ಬೇರು ಮೇಲೇ ಉಳಿಯುತ್ತದೆ. ವಾರಕ್ಕೊಮ್ಮೆ ಎರಡು ಕೊಡ ನಿಧಾನ ಇಳಿಯಲು ಬಿಟ್ಟರೆ ಆಳ ಹುಡುಕುತ್ತದೆ. ಇದನ್ನು ಮೂರು ಬೇಸಿಗೆ ತಪ್ಪಿಸಬಾರದು.

2025ರ ನವೆಂಬರ್‌ನಲ್ಲಿ ತೀರಿಕೊಂಡ ಸಾಲುಮರದ ತಿಮ್ಮಕ್ಕ ಮಾಡಿದ್ದೂ ಇದನ್ನೇ. ಮಾಗಡಿ ತಾಲ್ಲೂಕಿನ ಹುಲಿಕಲ್–ಕುದೂರು ದಾರಿಯಲ್ಲಿ ಅವರು, ಪತಿ ಚಿಕ್ಕಯ್ಯ ಸೇರಿ ಬೆಳೆಸಿದ ಆಲ 385 ಎಂದು ಲೆಕ್ಕ. ನಾವು ನೆಟ್ಟಿದ್ದನ್ನು ಹಾಡಿ ಹೊಗಳುತ್ತೇವೆ. ಅವರು ಕೊಡ ಹೊತ್ತು ನಡೆದದ್ದು ಅದಕ್ಕಿಂತ ದೊಡ್ಡದು.

ಎಲ್ಲಿ ಹಚ್ಚಬಾರದು ಎಂಬುದೂ ಅಷ್ಟೇ ಮುಖ್ಯ. ದ್ರಾಕ್ಷಿ ಪಡದ ಬದುವಿಗೆ ಆಲ ಬೇಡ: ನೆರಳು ಬಳ್ಳಿಗೆ ಆಗದು, ಬೇರು ಡ್ರಿಪ್ ನೀರಿನ ಜಾಡು ಹಿಡಿದು ಬರುತ್ತದೆ. ಮನೆ, ಬಾವಿ, ನೀರಿನ ಟಾಕಿಯಿಂದಲೂ ದೂರವಿರಲಿ. ಆಲ, ಅರಳಿ, ಬಸರಿ, ಅತ್ತಿ ಒಂದೇ ಕುಲ. ಹಕ್ಕಿಗಳು ತಿಂದು ಹಾಕಿದ ಬೀಜ ಗೋಡೆಯ ಸಂದಿಯಲ್ಲೂ ಮೊಳೆಯುತ್ತದೆ. ವಿಜಯಪುರದ ಆದಿಲ್‌ಶಾಹಿ ಕಟ್ಟಡಗಳ ಕಲ್ಲಿನ ನಡುವೆ ಇಣುಕುವ ಅರಳಿ ಇದಕ್ಕೆ ಸಾಕ್ಷಿ. ಬರೀ ಮೇಲೆ ಕೊಯ್ದರೆ ಮತ್ತೆ ಚಿಗುರುತ್ತದೆ. ಎಳೆಯದಿದ್ದಾಗಲೇ ಬೇರು ಸಮೇತ ಕೀಳಬೇಕು. ಆಲಕ್ಕೆ ಸರಿಯಾದ ಜಾಗ ಗಾಯರಾಣ, ಕೆರೆ ಏರಿಯ ಹೊರಬದಿ, ಸಂತೆಯ ಬಯಲು. ಹಳ್ಳದ ದಂಡೆಗಾದರೆ ಅತ್ತಿ ಒಳ್ಳೆಯದು.

ಗಿಡ ದೊಡ್ಡದಾದ ಮೇಲೂ ಒಂದು ಕೆಲಸ ಉಳಿದಿರುತ್ತದೆ. ಮಕ್ಕಳು ಜೋಕಾಲಿ ಆಡಿ, ದನಗಳು ಮೇಯ್ದು ಬಿಳಲು ನೆಲ ಮುಟ್ಟುವುದೇ ಇಲ್ಲ. ಒಂದೆರಡು ಬಿಳಲನ್ನಾದರೂ ಸೀಳಿದ ಬಿದಿರಿನೊಳಗೆ ಮಣ್ಣು ತುಂಬಿ ಇಳಿಬಿಡಿ. ನೆಲ ಕಂಡ ಬಿಳಲು ಕಂಬವಾಗುತ್ತದೆ. ಕೋಲ್ಕತ್ತ ಬಳಿಯ ಹೌರಾದ ಹೆಸರಾಂತ ಆಲಕ್ಕೆ ಬೂಷ್ಟು ಹಿಡಿದು 1925ರಲ್ಲಿ ನಡುವಿನ ಬೊಡ್ಡೆಯನ್ನೇ ತೆಗೆದರು. ಮರ ಇಂದಿಗೂ ಬಿಳಲುಗಳ ಮೇಲೆಯೇ ನಿಂತಿದೆ.

ಈ ಸಲದ ಮಿರಗಕ್ಕೆ ಪಂಚಾಯ್ತಿಯವರು ನೂರು ಗುಂಡಿ ತೋಡುವ ಬದಲು ಐದೇ ತೋಡಲಿ. ಬೇಸಿಗೆಯಲ್ಲಿ ಯಾರ ಮನೆಯವರು ನೀರು ಹಾಕುತ್ತಾರೆ ಎಂದು ಮೊದಲು ಬರೆದಿಟ್ಟುಕೊಳ್ಳಿ, ಆಮೇಲೆ ಸನಿಕೆ ಎತ್ತಿ.