ಒಸರುವ ಏರಿಗೆ ಎರೆಮಣ್ಣು ಮೆತ್ತಬೇಡಿ

ಸಿರುಗುಪ್ಪ ಕಡೆಯ ರೈತರೊಬ್ಬರು ಕೇಳಿದ್ದಾರೆ: ‘ಎಲ್‌ಎಲ್‌ಸಿ (ತುಂಗಭದ್ರೆಯ ಕೆಳಮಟ್ಟದ) ಕಾಲುವೆ ಬಂದ್ ಆದಾಗ ಭತ್ತ ಒಣಗಬಾರದು ಅಂತ ಹೊಲದಲ್ಲೇ ಏರಿ ಹಾಕಿ ಸ್ವಂತ ಕೆರೆ ಮಾಡಿಕೊಂಡಿದ್ದೇವೆ. ಏರಿಯ ಹೊರಗಡೆ ಬುಡದಲ್ಲಿ ನೀರು ಒಸರುತ್ತಿದೆ. ಎರೆಮಣ್ಣು ಮೆತ್ತಿದರೆ ಪಕ್ಕದಲ್ಲಿ ಒಸರುತ್ತದೆ. ಏನು ಮಾಡಬೇಕು?’

ಮೊದಲು ಮೆತ್ತುವುದನ್ನು ನಿಲ್ಲಿಸಿ. ಆಮೇಲೆ ಆ ಒಸರು ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡಿ.

ಒಸರದ ಮಣ್ಣಿನ ಏರಿ ಭೂಮಿಯ ಮೇಲೆ ಎಲ್ಲಿಯೂ ಇಲ್ಲ. ಲೋಟದ ನೀರು ತಿಳಿಯಾಗಿದ್ದರೆ ಒಂದು ಗೂಟ ನೆಟ್ಟು ಗುರುತು ಮಾಡಿ, ದಿನಾ ಹೋಗಿ ನೋಡಿ. ಕದಡಿದ್ದರೆ ಏರಿಯ ಒಡಲಿನ ಮಣ್ಣು ಹೊರಗೆ ಹೋಗುತ್ತಿದೆ. ಈ ಸವೆತ ಶುರುವಾಗುವುದು ನೀರಿರುವ ಕಡೆಯಿಂದ ಅಲ್ಲ, ಹೊರಗಿನ ಬುಡದಿಂದ. ಬುಡದ ಕಣ ಮೊದಲು ಕಳಚುತ್ತದೆ. ನೀರಿನ ದಾರಿ ಅಷ್ಟು ಗಿಡ್ಡವಾಗಿ ಸೆಳೆತ ಹೆಚ್ಚುತ್ತದೆ, ಅದರ ಹಿಂದಿನ ಕಣವೂ ಕಳಚುತ್ತದೆ. ಹೀಗೆ ಸುರಂಗವೊಂದು ಕೆರೆಯ ಕಡೆಗೆ ಹಿಂದುಹಿಂದಕ್ಕೆ ಕೊರೆಯುತ್ತಾ ಹೋಗುತ್ತದೆ. ಏರಿಯ ಮೇಲಿನ ಹುಲ್ಲು ಮಾತ್ರ ಏನೂ ಆಗದಂತೆ ನಿಂತಿರುತ್ತದೆ. ಸುರಂಗ ನೀರು ಮುಟ್ಟಿದ ದಿನ ಬೋಂಗಾ ಬೀಳುತ್ತದೆ. ಅಮೆರಿಕದ ಐಡಹೊ ರಾಜ್ಯದ ಟೀಟನ್ ಅಣೆಕಟ್ಟು ಸುಮಾರು 93 ಮೀಟರ್ ಎತ್ತರದ ಮಣ್ಣಿನ ಕಟ್ಟೆ. 1976ರ ಜೂನ್ 5ರಂದು, ಮೊದಲ ಸಲ ತುಂಬುತ್ತಿರುವಾಗಲೇ, ಬೆಳಿಗ್ಗೆ ಅದರ ಮಗ್ಗುಲಲ್ಲಿ ಕೆಸರು ನೀರು ಕಾಣಿಸಿತು. ಮಧ್ಯಾಹ್ನ ಹನ್ನೆರಡರೊಳಗೆ ಕಟ್ಟೆ ಒಡೆದಿತ್ತು.

ಇನ್ನು ನನಗೆ ಬಹಳ ಇಷ್ಟವಾದ ವಿಷಯಕ್ಕೆ ಬರುತ್ತೇನೆ. ಜೇಡಿಮಣ್ಣಿನಲ್ಲಿ ಒಂದು ಜಾತಿ ನೀರಿಗೆ ಬಿದ್ದರೆ ಯಾರೂ ಕಲಕದಿದ್ದರೂ ತಾನಾಗಿ ಕರಗಿ ತೇಲುತ್ತದೆ. ಕುರುಗೋಡು ರಸ್ತೆಯ ಪಕ್ಕದ ಸವುಳು ಹೊಲವೊಂದರಿಂದ ಹೆಂಟೆ ತಂದು, ಕಡಲೆಕಾಳಿನಷ್ಟು ಮುರಿದು, ಮಳೆನೀರಿನ ಲೋಟಕ್ಕೆ ಹಾಕಿದ್ದೆ. ಸ್ವಲ್ಪ ಹೊತ್ತಿನಲ್ಲೇ ತಳದಲ್ಲಿ ಹೊಗೆಯಂಥ ಮಬ್ಬು ಹರಡಿತು. ಮರುದಿನ ನೋಡಿದರೂ ನೀರು ತಿಳಿಯಾಗಿರಲಿಲ್ಲ. ಅದೇ ಹೆಂಟೆಯ ಇನ್ನೊಂದು ಚೂರನ್ನು ಗಡಸು ಬೋರ್ ನೀರಿಗೆ ಹಾಕಿದರೆ ಅದು ಕುಸಿದು ಗುಡ್ಡೆಯಾಯಿತು, ನೀರು ಮಾತ್ರ ತಿಳಿಯಾಗಿಯೇ ಉಳಿಯಿತು. ಮಣ್ಣಿಗೆ ಸೋಡಿಯಂ ಅಂಟಿಕೊಂಡಿದ್ದರೆ ಜೇಡಿಯ ಕಣಗಳು ಒಂದನ್ನೊಂದು ದೂರ ತಳ್ಳುತ್ತವೆ. ನೀರಿನಲ್ಲಿ ಸಾಕಷ್ಟು ಲವಣ, ಅದರಲ್ಲೂ ಕ್ಯಾಲ್ಸಿಯಂ ಇದ್ದರೆ ಆ ತಳ್ಳಾಟ ಅಡಗುತ್ತದೆ. ಅಂದರೆ ನೀರು ಸಿಹಿಯಾದಷ್ಟೂ ಇಂಥ ಏರಿಗೆ ಅಪಾಯ ಹೆಚ್ಚು! ತುಂಗಭದ್ರೆಯ ಕಾಲುವೆ ನೀರು ಸಿಹಿನೀರು. ಅದೇ ಕಾಲುವೆಯ ಅತಿ ನೀರಾವರಿಯಿಂದ ಸವುಳಾದ ಹೊಲದ ಮಣ್ಣನ್ನೇ ಅಗೆದು ಏರಿ ಹಾಕಿದರೆ ಏನಾಗಬಹುದು ಎಂದು ಲೋಟವೇ ತೋರಿಸುತ್ತದೆ. ಏರಿ ಹಾಕುವ ಮೊದಲು ಪ್ರತಿಯೊಬ್ಬರೂ ಈ ಪರೀಕ್ಷೆ ಮಾಡಬೇಕು, ಅದಕ್ಕೆ ಕಾಸಿನ ಖರ್ಚಿಲ್ಲ. ಮಬ್ಬು ಕಂಡರೆ ಬೇರೆ ಮಣ್ಣು ತನ್ನಿ. ಸಿಗದಿದ್ದರೆ ಸವುಳು ಭೂಮಿಗೆ ಹಾಕುವ ಜಿಪ್ಸಂ ಇಲ್ಲಿಯೂ ಕೆಲಸಕ್ಕೆ ಬರುತ್ತದೆ. ಆದರೆ ಅದನ್ನು ಮಣ್ಣಿನ ಪದರ ಪದರದಲ್ಲೂ ಬೆರೆಸಿ ರೋಲರ್ ಹೊಡೆಯಬೇಕು. ಕಟ್ಟಿ ಮುಗಿದ ಏರಿಯ ಮೇಲೆ ಚೆಲ್ಲಿದರೆ ಒಳಗೆ ಇಳಿಯುವುದಿಲ್ಲ.

ಒಸರಿಗೆ ಮದ್ದು ಮರಳು. ಹೊರಗಿನಿಂದ ಎರೆಮಣ್ಣು ಮೆತ್ತಿದರೆ ನೀರಿಗೆ ಹೋಗಲು ದಾರಿಯಿಲ್ಲದೆ ಏರಿಯೊಳಗೆ ಒತ್ತಡ ಏರುತ್ತದೆ. ಆಗ ಹೊರಮೈ ಜಾರುತ್ತದೆ, ಇಲ್ಲವೇ ನೀರು ಪಕ್ಕದಲ್ಲಿ ಬಾಯಿ ತೆರೆಯುತ್ತದೆ. ನೀರಿಗೆ ದಾರಿ ಕೊಟ್ಟು ಮಣ್ಣನ್ನು ಮಾತ್ರ ಹಿಡಿಯಬೇಕು. ಮಣ್ಣಿನ ಯಂತ್ರಶಾಸ್ತ್ರಕ್ಕೆ ಬುನಾದಿ ಹಾಕಿದ ಕಾರ್ಲ್ ಟೆರ್ಜಾಗಿ ಇದಕ್ಕೊಂದು ಲೆಕ್ಕ ಕೊಟ್ಟರು. ಸ್ಥೂಲವಾಗಿ ಹೇಳಿದರೆ, ಮರಳಿನ ಸಣ್ಣ ಕಣಗಳು ಏರಿಮಣ್ಣಿನ ದಪ್ಪ ಕಣಗಳ ನಾಲ್ಕೈದು ಪಟ್ಟು ಗಾತ್ರವನ್ನು ಮೀರಬಾರದು. ಮೀರದಿದ್ದರೆ ದಪ್ಪ ಕಣಗಳು ಮರಳಿನ ಸಂದಿಗೆ ಸಿಕ್ಕಿಕೊಳ್ಳುತ್ತವೆ, ಅವುಗಳ ಹಿಂದೆ ಸಣ್ಣವು ನಿಲ್ಲುತ್ತವೆ. ಹಾಗಾಗಿ ಒಸರಿನ ಮೇಲೆ ಮೊದಲು ಸಣ್ಣ ಮರಳು, ಅದರ ಮೇಲೆ ದಪ್ಪ ಮರಳು, ಆಮೇಲೆ ಜಲ್ಲಿ. ನೀರು ಕದಡಿದ್ದರೆ ಇದರ ಜತೆಗೇ ತೂಬು ತೆಗೆದು ಕೆರೆಯ ಮಟ್ಟ ಇಳಿಸಿ, ಕೆಳಗಿನವರಿಗೆ ಹೇಳಿ ಕಳಿಸಿ.

ಏರಿ ನಿಲ್ಲದಿದ್ದರೆ ಗಂಗಮ್ಮನಿಗೆ ಬಲಿ ಬೇಕು ಎನ್ನುವವರು ಈಗಲೂ ಇದ್ದಾರೆ. ‘ಕೆರೆಗೆ ಹಾರ’ ಜನಪದ ಹಾಡಿನಲ್ಲಿ ಬಲಿಯಾದ ಭಾಗೀರಥಿಗಾಗಿ ಅತ್ತ ನಾಡು ನಮ್ಮದು. ಕುರಿ ಕಡಿದರೆ ಮಣ್ಣಿನ ಸೋಡಿಯಂ ಇಳಿಯುವುದಿಲ್ಲ, ಪೂಜೆ ಮುಗಿಯಿತೆಂಬ ಧೈರ್ಯದಲ್ಲಿ ಏರಿ ನೋಡುವುದು ನಿಂತುಹೋಗುತ್ತದೆ. ಏಡಿಯ ಮೇಲೆ ಹೊರೆ ಹೊರಿಸುವುದೂ ಅಷ್ಟೇ ತಪ್ಪು. ರತ್ನಾಗಿರಿ ಜಿಲ್ಲೆಯ ತಿವರೆಯಲ್ಲಿ 2019ರ ಜುಲೈ 2ರ ರಾತ್ರಿ ಮಣ್ಣಿನ ಅಣೆಕಟ್ಟು ಒಡೆದು ಜನ ಸತ್ತಾಗ, ಏಡಿಗಳೇ ಕಾರಣ ಎಂದು ಸಚಿವರೊಬ್ಬರು ಹೇಳಿದರು. ಏಡಿ, ಹೆಗ್ಗಣ ಬಿಲ ತೋಡುವುದು ನಿಜ. ಬಿಲ ಕಂಡಾಗ ಅಗೆದು, ಮಣ್ಣು ತುಂಬಿ, ದಮ್ಮಸು ಮಾಡುವುದು ಮನುಷ್ಯರ ಕೆಲಸ. ಏರಿಯ ಮೇಲಿನ ಬಳ್ಳಾರಿ ಜಾಲಿಯನ್ನೂ ಎಳೆಯದಾಗಿರುವಾಗಲೇ ಕೀಳಬೇಕು. ಬೇರು ಏರಿಯನ್ನು ಹಿಡಿದು ನಿಲ್ಲಿಸುತ್ತದೆಂದು ಬಹಳ ಜನ ನಂಬಿದ್ದಾರೆ. ಮರ ಸತ್ತ ಮೇಲೆ ಆ ಬೇರು ಕೊಳೆತು, ಅದರ ಜಾಗದಲ್ಲಿ ಟೊಳ್ಳು ಕೊಳವೆ ಉಳಿಯುತ್ತದೆ.

ಇದನ್ನೆಲ್ಲ ನೋಡುವವರು ಯಾರು? 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟ್ ಕೊಚ್ಚಿಹೋದಾಗ ನಾಡೇ ಎಚ್ಚೆತ್ತಿತು. ದೊಡ್ಡ ಅಣೆಕಟ್ಟುಗಳಿಗೆ 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಇದೆ, ಅದರಂತೆ ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ತಪಾಸಣೆ ಆಗಬೇಕು. ಆದರೆ ಆ ಕಾಯ್ದೆ 15 ಮೀಟರ್‌ಗಿಂತ ಎತ್ತರದವಕ್ಕೆ, ಮತ್ತು 10ರಿಂದ 15 ಮೀಟರ್ ಎತ್ತರದವುಗಳಲ್ಲಿ ಉದ್ದ, ಸಂಗ್ರಹ ಮುಂತಾದ ಷರತ್ತಿಗೆ ಒಳಪಟ್ಟವಕ್ಕೆ ಮಾತ್ರ. ಹೊಲದ ಮೂರು ನಾಲ್ಕು ಮೀಟರ್ ಏರಿ ಅದರ ಲೆಕ್ಕಕ್ಕೇ ಬರುವುದಿಲ್ಲ. ಅದರ ಕೆಳಗೆ ಪಕ್ಕದವರ ಭತ್ತ ಇರುತ್ತದೆ, ಕೂಲಿಯವರ ಗುಡಿಸಲೂ ಇರಬಹುದು. ಪ್ರತಿ ಗ್ರಾಮ ಪಂಚಾಯ್ತಿ ತನ್ನ ಸೀಮೆಯ ಖಾಸಗಿ ಏರಿಗಳಿಗೆ ಒಂದು ರಿಜಿಸ್ಟರ್ ಇಡಬೇಕು. ಎತ್ತರ ಎಷ್ಟು, ಕೋಡಿ ಇದೆಯೇ, ಕೆಳಗೆ ಯಾರ ಮನೆಯಿದೆ ಎಂದು ಬರೆಯಬೇಕು. ಬೇಸಿಗೆಯಲ್ಲಿ ಎರೆಮಣ್ಣು ಅಂಗೈ ತೂರುವಷ್ಟು ಬಿರಿದಿರುತ್ತದೆ. ಕಾಲುವೆಗೆ ನೀರು ಬಿಡುವ ಮುಂಚೆಯೇ ತಾಲ್ಲೂಕಿನ ಎಂಜಿನಿಯರ್ ಒಬ್ಬರು ಬಂದು ಆ ಬಿರುಕುಗಳನ್ನು ನೋಡಬೇಕು. ಆಮೇಲೆ ಕೆರೆಯನ್ನು ಒಂದೇ ಏಟಿಗೆ ತುಂಬಬಾರದು. ಅರ್ಧ ತುಂಬಿಸಿ, ಕೆಲವು ದಿನ ನಿಲ್ಲಿಸಿ, ಬುಡದ ಸುತ್ತ ಒಂದು ಸುತ್ತು ಬಂದ ಮೇಲೆ ಉಳಿದದ್ದನ್ನು ತುಂಬಿಸಬೇಕು.